ಮುಖಕ್ಕೆ ಬೇಕಾದ್ದು ಮೂರೇ

ಫೋನ್ ತೆರೆದರೆ ಸಾಕು, ಹತ್ತು ಹಂತದ ಮುಖದ ಆರೈಕೆ ಕಣ್ಣಿಗೆ ಬೀಳುತ್ತೆ. ಟೋನರ್, ಸೀರಮ್, ಮಾಸ್ಕ್ ಅಂತ ಪಟ್ಟಿ ಮುಗಿಯೋದೇ ಇಲ್ಲ. ಬೆಂಗಳೂರಲ್ಲಿ ಕೋಡ್ ಬರೆಯುವ ನನಗೂ, ಜಮಖಂಡಿಯಲ್ಲಿರುವ ಕಾಕಾನ ಮಗಳಿಗೂ ಅದೇ ಜಾಹೀರಾತು. ಆದರೆ ಮುಖಕ್ಕೆ ದಿನಾ ಬೇಕಾದ್ದು ಮೂರೇ ಕೆಲಸ: ತೊಳೆಯೋದು, ತೇವ ಉಳಿಸೋದು, ಬಿಸಿಲು ತಡೆಯೋದು.

ತೊಳೆಯೋದು: ದಿನಕ್ಕೆ ಎರಡು ಸಲ ಸಾಕು. ನಮ್ಮ ಚರ್ಮದ ಪಿಎಚ್ ಸುಮಾರು 5, ಸಾಮಾನ್ಯ ಸೋಪಿನದು 9ರಿಂದ 10. ಅದಕ್ಕೇ ಸೋಪು ಹಚ್ಚಿದ ಮೇಲೆ ಮುಖ ಬಿಗಿದ ಹಾಗಾಗೋದು. ನಮ್ಮ ಕಡೆ ಬೋರಿನ ನೀರು ಗಡಸು ಬೇರೆ. ಅದರಲ್ಲಿರುವ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಮುಖದ ಮೇಲೆ ಅಂಟಿಕೊಳ್ಳುತ್ತೆ. ಸುವಾಸನೆ ಕಡಿಮೆ ಇರೋ ಸಾದಾ ಫೇಸ್‌ವಾಶ್ ಒಂದು ಸಾಕು. ವಾರಕ್ಕೊಮ್ಮೆ ಕಡ್ಲಿಹಿಟ್ಟು, ಮೊಸರು ಕಲಸಿ ಹಚ್ಚಿದರೆ ಜಿಡ್ಡು ಹೋಗುತ್ತೆ. ತಿಕ್ಕಬೇಡಿ, ಪೂರ್ತಿ ಒಣಗಿ ಬಿರಿಯೋ ತನಕ ಬಿಡಬೇಡಿ.

ತೇವ: ಮುಖ ಒರೆಸಿದ ತಕ್ಷಣ, ಇನ್ನೂ ಹಸಿ ಇರುವಾಗಲೇ ಮಾಯಿಶ್ಚರೈಸರ್ ಹಚ್ಚಿ. ಗ್ಲಿಸರಿನ್‌ಗೆ ನೀರು ಬೆರೆಸಿ ತೆಳುವಾಗಿ ಹಚ್ಚಿದರೂ ಆಯ್ತು. ಕೊಬ್ಬರಿ ಎಣ್ಣೆ ಒಣ ಚರ್ಮಕ್ಕೆ ಒಳ್ಳೇದು, ಮೊಡವೆ ಇರೋರಿಗೆ ಬೇಡ, ರಂಧ್ರ ಮುಚ್ಚಿಬಿಡುತ್ತೆ.

ಬಿಸಿಲು: ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟೋ ಊರು ನಮ್ಮದು. ಎಸ್‌ಪಿಎಫ್ 30 ಇರುವ ಸನ್‌ಸ್ಕ್ರೀನ್ ಎರಡು ಬೆರಳುದ್ದ ತಗೊಂಡು ಮುಖ, ಕತ್ತಿಗೆ ಹಚ್ಚಿ. ಹೊರಗೇ ಇರೋರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಕಬ್ಬಿನ ಹೊಲದ ಹೆಣ್ಣುಮಕ್ಕಳು ಮುಖಕ್ಕೆ ಸೆರಗು ಸುತ್ತೋದು ಇದೇ ಲೆಕ್ಕ, ಅದೂ ಬಿಟ್ಟಿ.

ಇನ್ನು ಮಾಡಬಾರದ್ದು. ನಿಂಬೆರಸದ ಪಿಎಚ್ ಸುಮಾರು 2. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟ ಹಾಗೆ ಕಪ್ಪು ಕಲೆ ಬೀಳಬಹುದು. ಅಡಿಗೆ ಸೋಡಾ, ಮೊಡವೆಗೆ ಟೂತ್‌ಪೇಸ್ಟ್, ಇವೆರಡೂ ಬೇಡ. ತೇರದಾಳ, ರಬಕವಿ ಕಡೆ ಅರಿಷಿಣ ಬೆಳೀತಾರೆ, ಮನೇಲಿ ಕೊಂಬು ಕುಟ್ಟಿದ್ದು ಚಿಟಿಕೆ ಹಾಕಿದರೆ ತೊಂದರೆ ಇಲ್ಲ. ಬಿಡಿ ಪುಡಿಗೆ ಬಣ್ಣ ಬೆರೆಸಿರಬಹುದು. ಮತ್ತೆ, ಅರಿಷಿಣದಿಂದ ಯಾರೂ ಬೆಳ್ಳಗಾಗಲ್ಲ.

ಈ 'ಬೆಳ್ಳಗಾಗೋ' ಮಾತೇ ನನಗೆ ಇವತ್ತು ಇಷ್ಟೆಲ್ಲಾ ಬರೆಸಿದ್ದು. ಕಾಕಾನ ಮಗಳಿಗೆ ಲಗ್ನ ಗೊತ್ತಾದಾಗ ಬೀಗರ ಕಡೆಯವರೊಬ್ಬರು "ಹುಡುಗಿ ಚಲೋ ಅದಾಳ, ಬಣ್ಣ ಒಂದೀಟು ಕಮ್ಮಿ" ಅಂದಿದ್ದರು. ಅವಳು ಔಷಧಿ ಅಂಗಡಿಯಲ್ಲಿ ಕೇಳಿ ಒಂದು ಟ್ಯೂಬ್ ತಂದಳು. ಚೀಟಿ ಯಾರೂ ಕೇಳಲಿಲ್ಲ. ಎರಡು ವಾರ ಮುಖ ಫಳಫಳ ಅಂತು. ಮೂರನೇ ತಿಂಗಳಿಗೆ ಕೆನ್ನೆ ಕೆಂಪಾಗಿ, ಸಣ್ಣ ನರ ಕಾಣಿಸಿ, ಮೊಡವೆ ಎದ್ದವು. "ಅಣ್ಣಾ, ಬಿಟ್ರ ಉರೀತೈತಿ, ಹಚ್ಚಿದ್ರ ಸುಮ್ಮಾಗತೈತಿ" ಅಂತ ಫೋನಲ್ಲಿ ಅತ್ತಳು.

ಚರ್ಮದ ಡಾಕ್ಟರು ಟ್ಯೂಬ್ ನೋಡಿ ಒಂದೇ ಮಾತು ಹೇಳಿದರು: ಸ್ಟೀರಾಯ್ಡ್. ಇಸುಬಿನಂಥ ರೋಗಕ್ಕೆ, ಡಾಕ್ಟರು ಹೇಳಿದಷ್ಟು ದಿನ ಹಚ್ಚೋ ಔಷಧಿ ಅದು. ಸುಮ್ಮನೆ ಹಚ್ಚುತ್ತಾ ಹೋದರೆ ಚರ್ಮ ತೆಳ್ಳಗಾಗುತ್ತೆ, ಬಿಟ್ಟರೆ ಉರಿಯುತ್ತೆ. 2018ರಲ್ಲೇ ಕೇಂದ್ರ ಸರ್ಕಾರ ಇಂಥ ಹಲವು ಕ್ರೀಮ್‌ಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದೆ. ಅವಳು ಸುಧಾರಿಸೋಕೆ ತಿಂಗಳುಗಟ್ಟಲೆ ಹಿಡೀತು. ಲಗ್ನದ ಫೋಟೋದಲ್ಲೂ ಕೆನ್ನೆಯ ಕೆಂಪು ಪೂರ್ತಿ ಹೋಗಿರಲಿಲ್ಲ.

ಅದಕ್ಕೆ ನಿಮ್ಮ ಕ್ರೀಮಿನ ಹಿಂಬದಿ ಓದಿ. ಬೆಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಅಂತ ಕಂಡರೆ, ಡಾಕ್ಟರು ಬರೆದುಕೊಟ್ಟಿರದಿದ್ದರೆ ಮುಖಕ್ಕೆ ತಾಗಿಸಬೇಡಿ. ಈಗಾಗಲೇ ತಿಂಗಳುಗಳಿಂದ ಹಚ್ತಾ ಇದ್ದರೆ ಒಮ್ಮೆಲೇ ಬಿಡುವ ಮೊದಲು ಚರ್ಮದ ಡಾಕ್ಟರನ್ನು ಕಾಣಿ, ಹೇಗೆ ಬಿಡಬೇಕು ಅಂತ ಅವರೇ ಹೇಳ್ತಾರೆ.

ಹೊಸದಾಗಿ ಏನೇ ಶುರು ಮಾಡಿದರೂ ಮೊದಲು ಮೊಳಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ನೋಡಿ. ಚರ್ಮದ ಮೇಲ್ಪದರ ಬದಲಾಗೋಕೆ ಸುಮಾರು ಒಂದು ತಿಂಗಳು ಬೇಕು. ಮೂರೇ ದಿನಕ್ಕೆ ಬಣ್ಣ ಬದಲಿಸೋ ಟ್ಯೂಬ್ ಮನೆಯಲ್ಲಿ ಯಾರ ಕೈಯಲ್ಲಾದರೂ ಕಂಡರೆ, ಇಸಿದುಕೊಂಡು ಮೊದಲು ಅದರ ಹೆಸರು ಓದಿ.