ಎಚ್‌ಪಿ ಕೇಳುವ ಮೊದಲು ಲೋಡು ಕೇಳಬೇಕು

ಅಮೆರಿಕದ ಜಿಎಂಸಿ ಕಂಪನಿ 1991ರಲ್ಲಿ ಸೈಕ್ಲೋನ್ ಎಂಬ ಕಪ್ಪು ಬಣ್ಣದ ಪಿಕಪ್ ತಂದಿತು. ತಯಾರಾದದ್ದು ಮೂರು ಸಾವಿರಕ್ಕೂ ಕಡಿಮೆ. 4.3 ಲೀಟರಿನ ಆರು ಸಿಲಿಂಡರ್ ಪೆಟ್ರೋಲ್ ಎಂಜಿನ್ನಿಗೆ ಟರ್ಬೊ ಕೂಡಿಸಿ 280 ಎಚ್‌ಪಿ ತೆಗೆದಿದ್ದರು. ಟಾರ್ಕ್, ಅಂದರೆ ತಿರುಗಿಸುವ ಬಲ, ಸುಮಾರು 475 ನ್ಯೂಟನ್ ಮೀಟರ್. ಖಾಲಿ ಗಾಡಿಯ ಹಗುರ ಹಿಂಗಾಲಿಗಳು ಇದ್ದಲ್ಲೇ ತಿರುಗಬಾರದೆಂದು ನಾಲ್ಕೂ ಗಾಲಿಗಳಿಗೆ ಶಕ್ತಿ ಹಂಚಿದ್ದರು. ಅದೇ ವರ್ಷ ‘ಕಾರ್ ಆಂಡ್ ಡ್ರೈವರ್’ ಪತ್ರಿಕೆ ಇದನ್ನು ಫೆರಾರಿ 348ರ ಎದುರು ಓಡಿಸಿತು. ಕಾಲು ಮೈಲಿಗೆ ಪಿಕಪ್ ತೆಗೆದುಕೊಂಡದ್ದು 14.1 ಸೆಕೆಂಡ್, ಫೆರಾರಿ 14.5. ವಾಹನಪ್ರಿಯರು ಇಂದಿಗೂ ಈ ಅಂಕಿಯನ್ನೇ ಎತ್ತಿ ಆಡುತ್ತಾರೆ. ಆದರೆ ಸೈಕ್ಲೋನಿನ ವಿವರಪಟ್ಟಿಯಲ್ಲಿ ಇನ್ನೊಂದು ಅಂಕಿಯೂ ಇತ್ತು: ಹೇರಬಹುದಾದ ಭಾರ 500 ಪೌಂಡ್, ಅಂದರೆ 227 ಕಿಲೊ. ಇಪ್ಪತ್ತು ಕಿಲೊ ಡಾಳಿಂಬೆ ಹಿಡಿಯುವ ಕ್ರೇಟುಗಳಾದರೆ ಹನ್ನೊಂದು.

ಮಹಾರಾಷ್ಟ್ರದ ಜತ್ತ ತಾಲೂಕಿನ ವಳಸಂಗ ಸೀಮೆಯಲ್ಲಿ ಪಿಕಪ್ ಎಂದರೆ ದುಡಿಯುವ ಗಾಡಿ. ದ್ರಾಕ್ಷಿ, ಡಾಳಿಂಬೆ, ಮಾಡಗ್ಯಾಳ ಕುರಿ, ಬರಗಾಲದಲ್ಲಿ ನೀರಿನ ಟಾಕಿ, ಎಲ್ಲವೂ ಅದರ ಬೆನ್ನಿನ ಮೇಲೆ. ಇಂಥ ಕಡೆ ಗಾಡಿ ಕೊಳ್ಳುವಾಗಲೂ ಮೊದಲ ಪ್ರಶ್ನೆ ಎಚ್‌ಪಿ ಎಷ್ಟು ಎಂಬುದೇ ಆಗಿಬಿಟ್ಟಿದೆ, ಅದು ತಪ್ಪು ಪ್ರಶ್ನೆ ಎಂಬುದು ನನ್ನ ವಾದ. ನಮ್ಮ ರಸ್ತೆಗಳಲ್ಲಿ ಓಡುವ ಬೊಲೆರೊ ಪಿಕಪ್ ನೋಡಿ. ಅದರ ಎರಡೂವರೆ ಲೀಟರ್ ಟರ್ಬೊ ಡೀಸೆಲ್ ಎಂಜಿನ್ ಕೊಡುವುದು ಸುಮಾರು 75 ಎಚ್‌ಪಿ, ಸೈಕ್ಲೋನಿನ ಕಾಲು ಭಾಗಕ್ಕಿಂತ ತುಸು ಹೆಚ್ಚು. ಆದರೂ 1.7 ಟನ್ ಮಾದರಿ ಸೈಕ್ಲೋನಿನ ಏಳು ಪಟ್ಟು ಭಾರ ಹೊರುತ್ತದೆ. ಚೌಕಟ್ಟು, ಪಾಟಾ, ಆಕ್ಸಲ್, ಗೇರು ಎಲ್ಲವನ್ನೂ ಹೊರೆಗೆಂದೇ ಮಾಡಿರುತ್ತಾರೆ. ಜೊತೆಗೆ ಟಾರ್ಕ್ ಯಾವಾಗ ಬರುತ್ತದೆ ಎಂಬುದೂ ಇದೆ. ಸೈಕ್ಲೋನಿನ ಪೂರ್ತಿ ಟಾರ್ಕ್ ಸಿಗುವುದು ಎಂಜಿನ್ ನಿಮಿಷಕ್ಕೆ 3600 ಸುತ್ತು ತಿರುಗಿದಾಗ. ಈ ಡೀಸೆಲ್ಲಿನ 200 ನ್ಯೂಟನ್ ಮೀಟರ್ ಸುಮಾರು 1400 ಸುತ್ತಿಗೇ ಕೈಗೆ ಬರುತ್ತದೆ. ಮಳೆ ಬಿದ್ದ ಎರೆಹೊಲದಿಂದ ತುಂಬಿದ ಗಾಡಿಯನ್ನು ಮೊದಲ ಗೇರಿನಲ್ಲಿ ಡಾಂಬರಿನ ಏರಿಗೆ ಹತ್ತಿಸುವಾಗ ಬೇಕಾದದ್ದು ಕಡಿಮೆ ಸುತ್ತಿನ ಈ ಎಳೆತ. ಅದು ಸಾಲದಿದ್ದರೆ ಚಾಲಕ ಎಕ್ಸಲರೇಟರ್ ಒತ್ತಿ, ಕ್ಲಚ್ ಅರ್ಧ ಹಿಡಿದೇ ಎಳೆಯುತ್ತಾನೆ. ಸುಟ್ಟ ವಾಸನೆ ಬರುವ ಹೊತ್ತಿಗೆ ಪ್ಲೇಟ್ ಹೋಗಿರುತ್ತದೆ.

ಓಟಕ್ಕೆಂದೇ ಮಾಡಿದ ಗಾಡಿಯನ್ನು ಹೊರೆಯಿಂದ ಅಳೆಯುವುದು ಅನ್ಯಾಯವಲ್ಲವೇ ಎಂದು ಕೇಳಬಹುದು. ಸೈಕ್ಲೋನ್ ಬಗ್ಗೆ ನನಗೆ ಗೌರವವೇ ಇದೆ. ಅದನ್ನು ಮಾಡಿದವರು ಮಿತಿಯನ್ನು ಮುಚ್ಚಿಡಲಿಲ್ಲ. ಕಚ್ಚಾ ದಾರಿಗೆ ಇದು ತಕ್ಕದ್ದಲ್ಲ ಎಂದೂ ತಿಳಿಸಿದ್ದರು. ಪಟ್ಟಿಯ ಮೊದಲ ಸಾಲಿನಲ್ಲೇ ಓದು ನಿಲ್ಲಿಸುವ ನಮ್ಮ ರೂಢಿಯ ಬಗ್ಗೆ ನನ್ನ ತಕರಾರು. ಈ ರೂಢಿಗೆ ಹಳೆಯ ಉದಾಹರಣೆಯೂ ಇದೆ. 1962ರ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಟರ್ಬೊ ಹೊತ್ತ ಮೊದಮೊದಲ ಕಾರುಗಳಲ್ಲಿ ಒಂದು. 215 ಎಚ್‌ಪಿಯ ಆ ಎಂಜಿನ್ ಸುರಕ್ಷಿತವಾಗಿ ಓಡಲು ನೀರು, ಮೆಥನಾಲ್ ಬೆರೆಸಿದ ದ್ರವವನ್ನು ಬೇರೆ ಡಬ್ಬಿಗೆ ಆಗಾಗ ತುಂಬಬೇಕಿತ್ತು. ಎಷ್ಟೋ ಮಾಲೀಕರು ತುಂಬಲಿಲ್ಲ, ಕೊನೆಗೆ ಹಲವು ಕಾರುಗಳಿಂದ ಟರ್ಬೊವನ್ನೇ ಕಳಚಬೇಕಾಯಿತು. ಇಂಥ ವೇಗದ ಕಾರುಗಳಿಂದಲೇ ಟರ್ಬೊ ನಮ್ಮ ಗಾಡಿಗಳಿಗೆ ಇಳಿದು ಬಂತು ಎಂಬ ಮಾತೂ ಪೂರ್ತಿ ನಿಜವಲ್ಲ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಷಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. 1920ರ ದಶಕದಲ್ಲಿ ಹಡಗಿನ ಡೀಸೆಲ್ ಎಂಜಿನ್ನುಗಳಲ್ಲಿ ಅದು ದುಡಿಯುತ್ತಿತ್ತು. ಹೊಗೆಯ ರಭಸದಿಂದ ಚಕ್ರ ತಿರುಗಿಸಿ ಹೆಚ್ಚು ಗಾಳಿ ತುರುಕುವ ಈ ಉಪಾಯ ಕಾರುಗಳ ಓಟಕ್ಕಿಂತ ಮೊದಲೇ ಹೊರೆಗೆ ನೆರವಾಗಿತ್ತು.

ಬರೆದದ್ದಕ್ಕಿಂತ ಹೆಚ್ಚೇ ಹೇರುತ್ತೇವೆ, ಪಟ್ಟಿ ಓದಿ ಏನು ಮಾಡುವುದು ಎನ್ನುವವರೂ ಇದ್ದಾರೆ. ಬಾಡಿಗೆ ಗಿಟ್ಟಬೇಕೆಂಬ ಅವರ ಕಷ್ಟ ಸುಳ್ಳಲ್ಲ. ಆದರೆ ಎಂಜಿನ್ ಎಳೆದುಬಿಟ್ಟಿತು ಎಂದ ಮಾತ್ರಕ್ಕೆ ಬ್ರೇಕು ಹಿಡಿಯುತ್ತದೆಂದಲ್ಲ. ಇಳಿಜಾರಿನಲ್ಲಿ ಗಾಡಿ ನಿಲ್ಲಿಸುವುದು ಟರ್ಬೊ ಅಲ್ಲ. ಆದ್ದರಿಂದ ಮಾರುವವರು ಹೊರೆಯ ಮಿತಿ, ಪೂರ್ತಿ ಟಾರ್ಕ್ ಸಿಗುವ ಸುತ್ತು, ಇವೆರಡನ್ನು ಎಚ್‌ಪಿಗಿಂತ ದಪ್ಪ ಅಕ್ಷರದಲ್ಲಿ, ಗಡಿಯ ಈ ಊರುಗಳಲ್ಲಿ ಮರಾಠಿಯ ಜೊತೆಗೆ ಕನ್ನಡದಲ್ಲೂ ಅಚ್ಚು ಹಾಕಬೇಕು. ಕೊಳ್ಳುವವರು ಮುಂಗಡ ಕೊಡುವ ಮುಂಚೆಯೇ ಆ ಕಾಗದ ಕೇಳಿ ಪಡೆಯಬೇಕು.