ಪತ್ತನಾಜೆಯಿಂದ ಮೊಂತಿ ಹಬ್ಬದವರೆಗೆ: ಇಗರ್ಜಿ ತೋಟದ 107 ದಿನಗಳು

ಮೇ ತಿಂಗಳ ಕೊನೆಯ ವಾರ ತುಳುನಾಡಿನ ಪಂಚಾಂಗದಲ್ಲಿ ಒಂದು ಗಡಿರೇಖೆ. ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಆಸುಪಾಸಿನಲ್ಲಿ ಬರುವ ಪತ್ತನಾಜೆಯಂದು ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ನೇಮ, ಕೋಲ, ಜಾತ್ರೆಗಳಿಗೆ ತೆರೆ ಬೀಳುತ್ತದೆ. ಕೃತ್ತಿಕಾ ಮಳೆಯ ಕಾಲ ಮುಗಿದು ರೋಹಿಣಿ ಮಳೆಯ ಕಾಲ ಆರಂಭವಾಗುವುದೂ ಆಗಲೇ. ಉತ್ಸವದ ಋತು ಮುಗಿಯಿತು, ಇನ್ನು ಮಣ್ಣಿನ ಕೆಲಸ ಎಂಬುದು ಅದರ ಇಂಗಿತ. ಪ್ರಕೃತಿಯ ರಕ್ಷಣೆಯನ್ನು ಕುರಿತು ಪೋಪ್ ಫ್ರಾನ್ಸಿಸ್ ಬರೆದ 'ಲೌದಾತೊ ಸಿ' ವಿಶ್ವಪತ್ರ ಹೊತ್ತಿರುವ ದಿನಾಂಕವೂ 2015ರ ಮೇ 24. ಅದರ ನೆನಪಿಗಾಗಿ ಕಥೋಲಿಕ ಧರ್ಮಸಭೆ ಪ್ರತಿವರ್ಷ ಮೇ ತಿಂಗಳಲ್ಲಿ ಒಂದು ಸಪ್ತಾಹವನ್ನು ಆಚರಿಸುತ್ತದೆ. ಮೇ 24ರಿಂದ 107ನೆಯ ದಿನಕ್ಕೆ, ಸೆಪ್ಟೆಂಬರ್ 8ರಂದು, ಕರಾವಳಿಯ ಕಥೋಲಿಕರ ಮೊಂತಿ ಹಬ್ಬ. ಈ ಎರಡು ದಿನಗಳ ನಡುವಿನ ಅವಧಿ ಮಳೆಗಾಲದ ಒಂದು ತರಕಾರಿ ಬೆಳೆಗೆ ಸಾಕಾಗುವಷ್ಟಿದೆ. ಇಗರ್ಜಿಯ ಹಿತ್ತಿಲಿನಲ್ಲಿ ಸಮುದಾಯದ ತೋಟ ಮಾಡಿಕೊಂಡಿರುವ ಧರ್ಮಕೇಂದ್ರಗಳು ಈ ಲೆಕ್ಕವನ್ನು ಗಂಭೀರವಾಗಿ ಪರಿಗಣಿಸಬೇಕಾಗಿದೆ.

ಕನ್ಯಾ ಮರಿಯಮ್ಮನವರ ಜನ್ಮದಿನವಾದ ಮೊಂತಿ ಹಬ್ಬ, ಮೂಲತಃ ಹೊಸ ಬೆಳೆಯ ಹಬ್ಬವೂ ಹೌದು. ನೇತ್ರಾವತಿಯ ದಂಡೆಯ ಫರಂಗಿಪೇಟೆಯಲ್ಲಿ 1763ರಲ್ಲಿ ಫಾದರ್ ಜೋಕಿಂ ಮಿರಾಂದಾ ಅವರು ಇದನ್ನು ಆರಂಭಿಸಿದರೆಂದು ಹೇಳಲಾಗುತ್ತದೆ. ಒಂಬತ್ತು ದಿನ ಮಕ್ಕಳು ಹೂ ತಂದು ಅರ್ಪಿಸುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ಭತ್ತದ ತೆನೆ ಮನೆಮನೆಗೆ ಹೋಗುತ್ತದೆ. ಅಂದಿನ ಊಟ ಸಸ್ಯಾಹಾರ, ಪಲ್ಯ-ಪದಾರ್ಥಗಳ ಸಂಖ್ಯೆ ಬೆಸವಾಗಿರಬೇಕು. ಬೆಂಡೆ, ಹೀರೆ, ಹಾಗಲ, ಅಲಸಂಡೆ, ಕೆಸು, ಮುಳ್ಳುಸೌತೆ ಇವೆಲ್ಲ ಆ ಹೊತ್ತಿಗೆ ಹಿತ್ತಿಲಿನಲ್ಲಿ ಸಹಜವಾಗಿ ಫಲ ಕೊಡುವಂಥವು. ಹಬ್ಬದ ಊಟವೆಂಬುದು ಆ ಮನೆಯ ಹಿತ್ತಿಲಿನ ವರದಿಯೇ ಆಗಿತ್ತು. ಇಂದು ಅದೇ ಊಟಕ್ಕೆ ಬೇಕಾದ ತರಕಾರಿಯ ಬಹುಪಾಲು ಘಟ್ಟದ ಮೇಲಿನ ಜಿಲ್ಲೆಗಳಿಂದ ಲಾರಿಗಳಲ್ಲಿ ಇಳಿಯುತ್ತದೆ.

ಆ ಲಾರಿಗಳು ಇಳಿಯುವ ದಾರಿ ಎಷ್ಟು ಭದ್ರ ಎಂಬುದನ್ನು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ಶಿರಾಡಿ ಮತ್ತು ಸಂಪಾಜೆ ಎರಡೂ ಘಾಟಿಗಳು ಮುಚ್ಚಿದವು. 2024ರ ಜುಲೈನಲ್ಲಿ ಸಕಲೇಶಪುರದ ಬಳಿ ಮತ್ತೆ ಕುಸಿತವಾಗಿ ಸಂಚಾರ ನಿಂತಿತು. ಮಳೆಗಾಲದಲ್ಲಿ ದಾರಿ ನೆಚ್ಚಿಕೆಯದಲ್ಲ ಎಂಬ ಅರಿವು ಕರಾವಳಿಯ ಹಳೆಯ ಮನೆಗಳಿಗೆ ಇತ್ತು. ಗದ್ದೆಯ ಕೊಯ್ಲಿನ ನಂತರ ಅಲ್ಲೇ ಬೆಳೆದ ಮಂಗಳೂರು ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ಅಡಿಯಲ್ಲಿ ಸಾಲಾಗಿ ತೂಗುಹಾಕುತ್ತಿದ್ದುದು ಅಲಂಕಾರಕ್ಕಲ್ಲ. ಆಷಾಢದ ಸಾಂಬಾರು ಬೇಸಿಗೆಯಲ್ಲೇ ತೀರ್ಮಾನವಾಗುತ್ತಿತ್ತು.

ಸಮುದಾಯದ ತೋಟಗಳು ಸೋಲುವುದು ಸಾಮಾನ್ಯವಾಗಿ ಇದೇ ಹಂತದಲ್ಲಿ. ಡಿಸೆಂಬರಿನಲ್ಲಿ ಉತ್ಸಾಹದಿಂದ ಮಡಿ ಸಿದ್ಧವಾಗುತ್ತದೆ, ಯುವಜನರು ಹಾರೆ ಹಿಡಿಯುತ್ತಾರೆ, ಫೆಬ್ರುವರಿಯ ಹರಿವೆ ಎಲ್ಲರಿಗೂ ಹಂಚಿಕೆಯಾಗುತ್ತದೆ. ಈಸ್ಟರ್ ಕಳೆಯಿತೆಂದರೆ ಮದುವೆಗಳ ಕಾಲ, ಮಕ್ಕಳಿಗೆ ರಜೆ, ಮನೆಗಳಲ್ಲಿ ನೆಂಟರು. ಎಲ್ಲರ ತೋಟವಾಗಿದ್ದುದು ಇಗರ್ಜಿಯ ಕೆಲಸದವರೊಬ್ಬರ ಮತ್ತು ಸ್ತ್ರೀ ಸಂಘಟನೆಯ ಮೂರು ನಾಲ್ಕು ಮಂದಿಯ ಹೊರೆಯಾಗುತ್ತದೆ. ಅವರೂ ದಣಿದ ಮೇಲೆ ಎರಡೇ ದಾರಿ: ತೋಟವನ್ನು ಒಣಗಲು ಬಿಡುವುದು, ಇಲ್ಲವೇ ಕೊಳವೆಬಾವಿಯ ಪಂಪು ಹಚ್ಚಿ ಹಸಿರನ್ನು ಉಳಿಸಿಕೊಳ್ಳುವುದು. ಎರಡೂ ತಪ್ಪು. ಎರಡನೆಯದು ಹೆಚ್ಚಿನ ತಪ್ಪು.

ಲೆಕ್ಕ ಸರಳವಾಗಿದೆ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರೆಂದರೆ ಒಂದು ಲೀಟರ್. ಬಿರುಬೇಸಿಗೆಯಲ್ಲಿ ಮಡಿಯಿಂದ ದಿನಕ್ಕೆ ಸುಮಾರು 5 ಮಿಲಿಮೀಟರ್ ನೀರು ಆರಿಹೋಗುತ್ತದೆಂದು ಹಿಡಿದರೂ, ಹತ್ತು ಸೆಂಟ್ಸ್ ತೋಟಕ್ಕೆ ದಿನವೂ 2,000 ಲೀಟರ್ ಬೇಕು. ಮುರಕಲ್ಲಿನ ನೆಲದಲ್ಲಿ ನೀರು ಬೇಗ ಇಂಗುತ್ತದೆ, ಬೇಗ ಜಾರಿಯೂ ಹೋಗುತ್ತದೆ. ಏಪ್ರಿಲ್ ಮುಗಿಯುವಷ್ಟರಲ್ಲಿ ತೆರೆದ ಬಾವಿಗಳ ತಳ ಕಾಣುತ್ತದೆ. 2019 ಮತ್ತು 2023ರ ಮೇ ತಿಂಗಳಲ್ಲಿ ತುಂಬೆ ಅಣೆಕಟ್ಟಿನ ನೀರು ತಗ್ಗಿ ಮಂಗಳೂರು ನಗರಕ್ಕೆ ನೀರು ಸರದಿಯಲ್ಲಿ ಸಿಗುವಂತಾಯಿತು. ಅಂಥ ದಿನಗಳಲ್ಲಿ ನೆರೆಯ ಮನೆಯ ಬಾವಿ ಬತ್ತಿರುವಾಗ, ದೇವಾಲಯದ ಅಂಗಳದ ತೋಟವೊಂದು ಆಳದ ನೀರೆತ್ತಿ ಹಚ್ಚಗೆ ನಳನಳಿಸಿದರೆ ಅದು ಹೆಮ್ಮೆಯ ವಿಷಯವಾಗಲಾರದು. ಬೇಸಿಗೆಯ ಕೊನೆಯಲ್ಲಿ ತೋಟದ ಯೋಗ್ಯತೆಯನ್ನು ಅದರ ಹಸಿರಿನಿಂದ ಅಳೆಯಬಾರದು. ಎಷ್ಟು ಬೀಜ ಉಳಿದಿದೆ, ಎಷ್ಟು ಗೊಬ್ಬರ ಕೂಡಿದೆ, ಮಳೆಗೆ ಎಷ್ಟು ಮಡಿ ಸಿದ್ಧವಾಗಿದೆ ಎಂಬುದರಿಂದ ಅಳೆಯಬೇಕು.

ಆದುದರಿಂದ ಏಪ್ರಿಲ್ ನಡುವಿನಿಂದಲೇ ತೋಟವನ್ನು ಬಾವಿಯ ಅಳತೆಗೆ ಕುಗ್ಗಿಸುವುದು ವಿವೇಕ. ಬಸಳೆಯ ಚಪ್ಪರ, ತೊಂಡೆಯ ಬುಡ, ಬೀಜಕ್ಕೆಂದು ಆರಿಸಿದ ಕೆಲವು ಗಿಡಗಳು, ಇಷ್ಟಕ್ಕೆ ಮಾತ್ರ ನೀರು. ಉಳಿದ ನೆಲಕ್ಕೆ ತೆಂಗಿನ ಗರಿ, ತರಗೆಲೆಗಳ ಹೊದಿಕೆ. ಅಂಗಳ ಗುಡಿಸಿ ತರಗೆಲೆಗೆ ಬೆಂಕಿಯಿಡುವ ರೂಢಿ ಎಷ್ಟೋ ಕಡೆ ಇನ್ನೂ ಇದೆ. ಆ ರಾಶಿಯೇ ತೋಟದ ಮುಂದಿನ ವರ್ಷದ ಫಲವತ್ತತೆ ಎಂಬುದನ್ನು ಪಾಲನಾ ಮಂಡಳಿಗಳು ಅರಿಯಬೇಕು. ಬೇಸಿಗೆಯ ಮಡಿ ನೀರನ್ನು ಹಿಡಿದಿಡಲು ತಗ್ಗಾಗಿರುತ್ತದೆ, ಮಳೆಗಾಲದ ಮಡಿ ನೀರನ್ನು ಬಿಟ್ಟುಕೊಡಲು ಎತ್ತರವಾಗಿರಬೇಕು. ಇಳಿಜಾರಿನಲ್ಲಿ ಏರಿಗಳು ಅಡ್ಡಲಾಗಿರಬೇಕು, ಇಲ್ಲವಾದರೆ ಮೊದಲ ಬಿರುಮಳೆಗೇ ಮೇಲ್ಮಣ್ಣು ತೋಡಿನ ಪಾಲು. ಈ ಬದಲಾವಣೆ ಮೇ ತಿಂಗಳಲ್ಲಿ ಆಗಬೇಕಾದ ಕೆಲಸ, ಜೂನ್ ಮಳೆಯಲ್ಲಿ ಕೊಡೆ ಹಿಡಿದು ಮಾಡುವಂಥದಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಬೀಜ. ಕೊಯ್ದು ಉಳಿದ ಕೊನೆಯ ಸೊರಗು ಕಾಯಿಯನ್ನು ಬೀಜಕ್ಕೆ ಬಿಡುವುದು ಸೋಮಾರಿತನ. ಒಳ್ಳೆಯ ಗಿಡದ ಒಳ್ಳೆಯ ಕಾಯಿಯನ್ನೇ ಬೀಜಕ್ಕೆಂದು ಗುರುತಿಟ್ಟು ಬಿಡುವುದು ಹಿರಿಯರ ಕ್ರಮ. ಬೆಂಡೆಯ ಕೋಡು ಗಿಡದಲ್ಲೇ ಒಣಗಿ ಬಿರಿಯಬೇಕು. ಸೌತೆ ಚೆನ್ನಾಗಿ ಹಣ್ಣಾದ ಮೇಲೆ ಬೀಜ ತೆಗೆದು, ತೊಳೆದು, ನೆರಳಿನಲ್ಲಿ ಆರಿಸಿ ಬೂದಿಯಲ್ಲಿ ಕಲಸಿಡಬೇಕು. ಅಂಗಡಿಯ ಹೈಬ್ರಿಡ್ ಪೊಟ್ಟಣದಿಂದ ಬಂದ ಗಿಡದ ಬೀಜ ತಾಯಿಯ ಗುಣವನ್ನು ಉಳಿಸಿಕೊಳ್ಳುವುದಿಲ್ಲ. ಅಂಥ ತೋಟ ಪ್ರತಿವರ್ಷ ಅಂಗಡಿಗೆ ಕೈಯೊಡ್ಡಬೇಕು. ಬಿಳಿಬೆಂಡೆ, ಉದ್ದ ಅಲಸಂಡೆ, ಊರಿನ ಹೀರೆ ಇನ್ನೂ ಕೆಲವು ಅಜ್ಜಿಯರ ಡಬ್ಬಿಗಳಲ್ಲಿವೆ. ಆ ಡಬ್ಬಿಗಳಿಗೆ ವಾರಸುದಾರರಿಲ್ಲದೆ ಹೋದರೆ ತಳಿಗಳೂ ಹೋದಂತೆಯೇ.

ಸಣ್ಣ ತೋಟವೊಂದರಿಂದ ಆಗುವುದೇನು, ಮಾರುಕಟ್ಟೆಯಲ್ಲಿ ತರಕಾರಿ ಅಗ್ಗವಲ್ಲವೇ ಎಂಬ ಪ್ರಶ್ನೆ ಬರುವುದು ಸಹಜ. ಹತ್ತು ಸೆಂಟ್ಸ್ ನೆಲ ಒಂದು ಧರ್ಮಕೇಂದ್ರದ ಊಟಕ್ಕೆ ಸಾಲದು ಎಂಬುದು ನಿಜ. ಆದರೆ ನೂರಾರು ಮನೆಗಳಿಗೆ ಒಂದೊಂದು ಹಿಡಿ ಬೀಜ ಕೊಡಲು ಅದು ಧಾರಾಳವಾಗಿ ಸಾಕು. ವಾರಕ್ಕೊಮ್ಮೆ ಅಷ್ಟು ಮನೆಗಳವರು ಒಂದೆಡೆ ಸೇರುವ ಸ್ಥಳ ಊರಿನಲ್ಲಿ ಬೇರೆ ಎಷ್ಟಿವೆ? ಸಮುದಾಯದ ತೋಟ ಅಡುಗೆಮನೆಯ ಪರ್ಯಾಯವಾಗಬೇಕಿಲ್ಲ. ಬೀಜದ ಮನೆಯಾದರೆ ಅದರ ಸಾರ್ಥಕ್ಯ ಹೆಚ್ಚು. ಪ್ರೊಟೆಸ್ಟಂಟ್ ಸಭೆಗಳಲ್ಲಿ ಬೆಳೆಹಬ್ಬದ ದಿನ ಮನೆಯ ಫಲವಸ್ತುಗಳನ್ನು ತಂದು ಏಲಂ ಮಾಡುವ ಪದ್ಧತಿಯಿದೆ. ಅಲ್ಲೂ ಹಣ್ಣು ಕಾಯಿಗಳ ಜೊತೆಗೆ ಬೀಜಕ್ಕೊಂದು ಮೇಜು ಇರಲಿ.

ನೀರಿನ ಸಾಲವನ್ನು ತೀರಿಸುವ ಹೊಣೆಯೂ ಇದರೊಂದಿಗಿದೆ. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುತ್ತದೆ. 500 ಚದರ ಮೀಟರಿನ ಇಗರ್ಜಿಯ ಮಾಡಿಗೆ ಬೀಳುವ ನೀರು 17.5 ಲಕ್ಷ ಲೀಟರ್. ಅದರಲ್ಲಿ ಅರ್ಧವನ್ನಾದರೂ ಸೋಸಿ ಬಾವಿಯ ಬಳಿ ಇಂಗಿಸಿದರೆ ತೋಟಕ್ಕೂ ನೆರೆಹೊರೆಗೂ ಉಪಕಾರ. ದಂಬೆ ಸರಿಪಡಿಸಿ ಇಂಗುಗುಂಡಿ ತೋಡುವ ಕೆಲಸಕ್ಕೂ ಇದೇ ಕೊನೆಯ ಗಡುವು.

ಜೂನ್ 5ರಂದು ಸಸಿ ನೆಟ್ಟು ಛಾಯಾಚಿತ್ರ ತೆಗೆಸುವ ಕಾರ್ಯಕ್ರಮಗಳಿಗೆ ಕೊರತೆಯಿಲ್ಲ. ಅದಕ್ಕೆ ಹತ್ತು ದಿನ ಮುಂಚೆ, ಪತ್ತನಾಜೆಯ ಸಮೀಪದ ಭಾನುವಾರ, ಪೂಜೆಯ ನಂತರ ವಾರ್ಡುವಾರು ಸರದಿ ಗೊತ್ತುಮಾಡಿ ಬೀಜ ಹಂಚುವುದು ಹೆಚ್ಚು ಫಲಕಾರಿ. ನೀರು ಹೊತ್ತ ಕೆಲವೇ ಕೈಗಳಿಗೆ ವಿಶ್ರಾಂತಿ ಸಿಗುವುದೂ ಆಗಲೇ. ಅಂದು ಮನೆಗೆ ಹೋದ ಬೆಂಡೆಯ ಬೀಜ ಜುಲೈಯಲ್ಲಿ ಹೂ ಬಿಡುತ್ತದೆ, ಹೀರೆಯ ಬಳ್ಳಿ ಆಗಸ್ಟಿನಲ್ಲಿ ಚಪ್ಪರ ತುಂಬುತ್ತದೆ. ಸೆಪ್ಟೆಂಬರ್ 8ರ ಊಟದಲ್ಲಿ ಬೆಸಸಂಖ್ಯೆಯ ಪದಾರ್ಥಗಳ ಪೈಕಿ ಮೂರಾದರೂ ಸ್ವಂತ ಮಣ್ಣಿನವು ಆಗಬೇಕಾದರೆ, ತಡಮಾಡಲು ಸಮಯವಿಲ್ಲ.