ಎರಡು ಕೇಜಿ ಲೆನ್ಸು ಮತ್ತು ಹತ್ತು ಮೀಟರ್ ದೂರ

"ಗುರೂ, ಹಕ್ಕಿ ಫೋಟೋ ತೆಗೆಯೋಕೆ ಕಮ್ಮಿ ರೇಟಲ್ಲಿ ಒಂದು ಒಳ್ಳೇ ಝೂಮ್ ಲೆನ್ಸ್ ಹೇಳು" ಅಂತ ಮೊನ್ನೆ ಆಫೀಸಿನಲ್ಲಿ ಪಕ್ಕದ ಸೀಟಿನ ಗೆಳೆಯ ಕೇಳಿದ. ನಾನೇನು ದೊಡ್ಡ ಫೋಟೋಗ್ರಾಫರ್ ಅಲ್ಲ. ವಾರವಿಡೀ ಕೋಡಿನಲ್ಲಿ ಬಗ್ ಹುಡುಕಿ, ಭಾನುವಾರ ಕೆರೆದಂಡೆಯಲ್ಲಿ ಹಕ್ಕಿ ಹುಡುಕುವ ಜಾತಿ. ಎರಡು ವರ್ಷದ ಹಿಂದಾಗಿದ್ದರೆ ಟಿಶ್ಯೂ ಪೇಪರ್ ಮೇಲೆ ಲೆಕ್ಕ ಬರೆದು ಉತ್ತರ ಕೊಟ್ಟುಬಿಡುತ್ತಿದ್ದೆ. ಈ ಸಲ ಸ್ವಲ್ಪ ತಡವರಿಸಿದೆ. ಯಾಕೆ ಅಂತ ಹೇಳುತ್ತೇನೆ ಕೇಳಿ.

ಮೊದಲು ಆ ಟಿಶ್ಯೂ ಪೇಪರ್ ಲೆಕ್ಕ. ಗದ್ದೆ ಮಿಂಚುಳ್ಳಿ ಸುಮಾರು 28 ಸೆಂಟಿಮೀಟರ್ ಉದ್ದದ ಹಕ್ಕಿ. ಅದು 20 ಮೀಟರ್ ದೂರದಲ್ಲಿ ಕೂತಿದೆ, ನಿಮ್ಮ ಹತ್ತಿರ 250 ಎಂಎಂ ಲೆನ್ಸ್ ಇದೆ ಅಂದುಕೊಳ್ಳಿ. ಸೆನ್ಸರ್ ಮೇಲೆ ಬೀಳುವ ಹಕ್ಕಿಯ ಉದ್ದ ಮೂರೂವರೆ ಮಿಲಿಮೀಟರ್. ನಮ್ಮಂಥವರ ಕ್ಯಾಮರಾದಲ್ಲಿರುವ ಎಪಿಎಸ್-ಸಿ ಸೆನ್ಸರಿನ ಎತ್ತರ ಸುಮಾರು 15 ಮಿಲಿಮೀಟರ್. ಅಂದರೆ ಚಿತ್ರದ ಕಾಲು ಭಾಗವೂ ಹಕ್ಕಿ ಇಲ್ಲ! ಅದನ್ನು ಏಳು ಮಿಲಿಮೀಟರ್ ಮಾಡಬೇಕಾದರೆ ಎರಡು ದಾರಿ. ಒಂದೋ 500 ಎಂಎಂ ಲೆನ್ಸ್ ಕೊಳ್ಳಬೇಕು, ಇಲ್ಲಾ ಹತ್ತು ಮೀಟರ್ ಹತ್ತಿರ ಹೋಗಬೇಕು. ಮೊದಲನೆಯದಕ್ಕೆ ಹೊಸ ಬೈಕಿನ ಬೆಲೆ. ಎರಡನೆಯದು ಪುಕ್ಕಟೆ.

ಇಂಜಿನಿಯರಿಂಗ್ ಓದಿದ ತಲೆಗೆ ಇದು ಎಷ್ಟು ಚೆನ್ನಾಗಿ ಹಿಡಿಸಿತು ಅಂದರೆ, ನನ್ನ ಕ್ಯಾನನ್ ಕ್ಯಾಮರಾ ಜೊತೆ ಬಂದಿದ್ದ 55-250 ಲೆನ್ಸನ್ನೇ ಹಿಡಿದುಕೊಂಡು "ಕಾಲೇ ನನ್ನ ಝೂಮ್" ಅಂತ ಎಲ್ಲರಿಗೂ ಉಪದೇಶ ಮಾಡುತ್ತಿದ್ದೆ.

ಒಂದು ಏಪ್ರಿಲ್‌ನಲ್ಲಿ ಹೆಸರಘಟ್ಟಕ್ಕೆ ಹೋಗಿದ್ದೆ. ಒಂದು ಟಿಟ್ಟಿಭ ನೆಲದ ಮೇಲೆ ಕೂತಿತ್ತು. ಲೆಕ್ಕದ ಪ್ರಕಾರ ಹತ್ತಿರ ಹೋದೆ. ಎದ್ದು ಹಾರಿತು, ಕೂಗಿತು. ಇನ್ನೂ ಹತ್ತಿರ ಹೋದೆ. ಜೋಡಿ ಹಕ್ಕಿಯೂ ಬಂತು. ಎರಡೂ ತಲೆ ಮೇಲೆ ಸುತ್ತುತ್ತಾ ಕಿರುಚತೊಡಗಿದವು. "ಆಹಾ, ಎಂಥಾ ಆಕ್ಷನ್ ಶಾಟ್!" ಅಂತ ನಾನು ಕ್ಲಿಕ್ಕಿಸಿದ್ದೇ ಕ್ಲಿಕ್ಕಿಸಿದ್ದು. ಅಲ್ಲೇ ದನ ಮೇಯಿಸುತ್ತಿದ್ದ ಅಜ್ಜ ದೂರದಿಂದಲೇ ಕೂಗಿದರು. "ಏಯ್ ತಮ್ಮಾ, ಮೊಟ್ಟೆ ಅದಾವೆ ಅಲ್ಲಿ, ತುಳೀಬೇಡ." ಬಗ್ಗಿ ನೋಡಿದರೆ ನನ್ನ ಶೂಗಿಂತ ಮೂರಡಿ ಆಚೆ, ಕಲ್ಲಿನ ಚೂರುಗಳ ನಡುವೆ ಕಲ್ಲಿನ ಬಣ್ಣದ್ದೇ ನಾಲ್ಕು ಮೊಟ್ಟೆ. ಹತ್ತೂವರೆ ಗಂಟೆಯ ಬಿಸಿಲು. ಟಿಟ್ಟಿಭಗಳು ಬೇಸಿಗೆಯಲ್ಲಿ ಮೊಟ್ಟೆಗೆ ನೆರಳು ಮಾಡಿ ಕೂರುತ್ತವೆ, ನೀರಿನಲ್ಲಿ ಎದೆ ತೋಯಿಸಿಕೊಂಡು ಬಂದು ತಂಪು ಮಾಡುತ್ತವೆ ಅಂತ ಆಮೇಲೆ ಓದಿ ತಿಳಿದೆ. ಅವು ನನಗೆ ಪೋಸ್ ಕೊಡುತ್ತಿರಲಿಲ್ಲ, "ತೊಲಗು" ಅನ್ನುತ್ತಿದ್ದವು. ಆ ಫೋಟೋಗಳು ಚೆನ್ನಾಗೇ ಬಂದಿದ್ದವು. ಯಾರಿಗೂ ತೋರಿಸಲು ಮನಸ್ಸಾಗಲಿಲ್ಲ.

ಲೆಕ್ಕ ತಪ್ಪಿರಲಿಲ್ಲ. ಆ ಹತ್ತು ಮೀಟರಿನ ಬಿಲ್ಲು ಯಾರು ಕಟ್ಟುತ್ತಾರೆ ಅನ್ನೋದನ್ನು ಮಾತ್ರ ನಾನು ಬರೆದುಕೊಂಡಿರಲಿಲ್ಲ.

ಹಾಗಾದರೆ ದೊಡ್ಡ ಲೆನ್ಸೇ ಪರಿಹಾರ ಅಂತ, ಇಎಂಐ ಹಾಕುವ ಮುಂಚೆ ಸಿಗ್ಮಾ 150-600 ಅನ್ನು ಎರಡು ದಿನಕ್ಕೆ ಬಾಡಿಗೆಗೆ ತಂದೆ. ಸುಮಾರು 1.9 ಕೇಜಿ ತೂಕ. ಮೊದಲ ಅರ್ಧ ಗಂಟೆ ರಾಜನ ಹಾಗೆ ಇದ್ದೆ, ಆಮೇಲೆ ಕೈ ನಡುಗಲು ಶುರು. 600 ಎಂಎಂನಲ್ಲಿ ಅದರ ಅಪರ್ಚರ್ ಎಫ್/6.3, ಅಂದರೆ ಬೆಳಕಿನ ವಿಷಯದಲ್ಲಿ ನನ್ನ ಸಣ್ಣ ಲೆನ್ಸಿನ ಎಫ್/5.6ಗಿಂತ ಒಂದು ಕೂದಲು ಕಡಿಮೆಯೇ. ಉದ್ದ ಹೆಚ್ಚಾದಷ್ಟೂ ಶಟರ್ ವೇಗ ಹೆಚ್ಚು ಬೇಕು, ಹಾಗಾಗಿ ಬೆಳಿಗ್ಗೆ ಆರೂವರೆಗೆ ಐಎಸ್ಓ ಏರಿಸಿ ಏರಿಸಿ ಚಿತ್ರವೆಲ್ಲ ರವೆ ರವೆ. ಹನ್ನೊಂದರ ಮೇಲೆ ಕೆರೆಯ ಆಚೆ ದಡದ ಹಕ್ಕಿಗೆ ಗುರಿ ಇಟ್ಟರೆ ಬಿಸಿಗಾಳಿ ಅಲುಗಾಡಿ ಎಲ್ಲಾ ಮಸುಕು. ಲೆನ್ಸಿನ ತಪ್ಪೇನಿಲ್ಲ. ಪಳಗಿದವರ ಕೈಯಲ್ಲಿ ಅದು ಅದ್ಭುತ. ಆದರೆ ಅದು ನನಗಿಲ್ಲದ ತಾಳ್ಮೆಯನ್ನು ತಂದುಕೊಡಲಿಲ್ಲ. ಅದನ್ನು ಹಿಡಿದಾಗಲೂ "ಇನ್ನೂ ಸ್ವಲ್ಪ ಹತ್ತಿರ ಹೋದರೆ..." ಅನ್ನೋ ಚಪಲ ಹಾಗೇ ಇತ್ತು!

ಅದಕ್ಕೇ ಗೆಳೆಯನಿಗೆ ಹೇಳಿದ್ದು ಇಷ್ಟು. ಮೊದಲ ಲೆನ್ಸ್ ಅಗ್ಗದ್ದೇ ಇರಲಿ, 55-250 ಅಥವಾ 70-300. ಆದರೆ ಕೈ ನಡುಕ ತಡೆಯುವ ವ್ಯವಸ್ಥೆ ಇರಲೇಬೇಕು. ಕ್ಯಾನನ್ ಅದನ್ನು ಐಎಸ್ ಅನ್ನುತ್ತದೆ, ನಿಕಾನ್ ವಿಆರ್, ಟ್ಯಾಮ್ರಾನ್ ವಿಸಿ. ಅದು ನಿಮ್ಮ ಕೈಯನ್ನು ನಿಲ್ಲಿಸುತ್ತದೆ, ಹಕ್ಕಿಯನ್ನಲ್ಲ, ನೆನಪಿರಲಿ. ಡಿಎಸ್ಎಲ್ಆರ್ ಬಿಟ್ಟು ಮಿರರ್‌ಲೆಸ್‌ಗೆ ಹೋಗುವವರು ಹಳೆಯ ಲೆನ್ಸ್ ಮಾರುತ್ತಿದ್ದಾರೆ, ಸೆಕೆಂಡ್ ಹ್ಯಾಂಡ್ ನೋಡಿ. ಮೊಬೈಲ್ ಟಾರ್ಚ್ ಬಿಟ್ಟು ಲೆನ್ಸಿನ ಒಳಗೆ ಜೇಡರ ಬಲೆಯಂಥ ಫಂಗಸ್ ಇದೆಯಾ ಪರೀಕ್ಷಿಸಿ, ನಿಮ್ಮದೇ ಬಾಡಿಗೆ ಹಾಕಿ ಫೋಕಸ್ ಆಗುತ್ತಾ ನೋಡಿ. ನಿಕಾನ್ ಇಟ್ಟುಕೊಂಡವರು ಇನ್ನಷ್ಟು ಹುಷಾರು. ವಿಆರ್ ಇಲ್ಲದ ಹಳೇ 70-300ರಲ್ಲಿ ಮೋಟರ್ ಇಲ್ಲ, ಡಿ3000, ಡಿ5000 ಸರಣಿಯ ಕ್ಯಾಮರಾಗಳಲ್ಲಿ ಕೈಯಲ್ಲೇ ಫೋಕಸ್ ತಿರುಗಿಸಬೇಕು. ಎಎಫ್-ಪಿ ಲೆನ್ಸುಗಳು ಡಿ90ಯಂಥ ಹಳೇ ಬಾಡಿಗಳಲ್ಲಿ ಫೋಕಸ್ ಆಗುವುದೇ ಇಲ್ಲ. ಕ್ಯಾನನ್ ಮಿರರ್‌ಲೆಸ್ ಇದ್ದರೆ 2021ರಲ್ಲಿ ಬಂದ ಆರ್‌ಎಫ್ 100-400 ನೋಡಬಹುದು. ತೂಕ 635 ಗ್ರಾಂ ಅಷ್ಟೇ. 400ರಲ್ಲಿ ಎಫ್/8, ಹಾಗಾಗಿ ದಟ್ಟ ಕಾಡಿನ ಮಬ್ಬಿಗಲ್ಲ, ಕೆರೆಯ ಬೆಳಕಿಗೆ. ಎಫ್/5.6 ಲೆನ್ಸಿಗೆ ಟೆಲಿಕನ್ವರ್ಟರ್ ಸಿಕ್ಕಿಸುವ ಆಸೆ ಮಾತ್ರ ಬೇಡ. ಇರುವ ಬೆಳಕೂ ಹೋಗುತ್ತದೆ.

ಇದೆಲ್ಲಕ್ಕಿಂತ ಮುಖ್ಯವಾದದ್ದು ಒಂದಿದೆ. ಅಗ್ಗದ ಲೆನ್ಸಿನ ಕೊರತೆಯನ್ನು ನಾವು ತುಂಬಬೇಕು, ಹಕ್ಕಿಯಲ್ಲ. ಅದೇ ಬಂದು ಕೂರುವ ಕೊಂಬೆ ಗುರುತಿಸಿ, ದೂರದಲ್ಲಿ ಗಂಟೆಗಟ್ಟಲೆ ಅಲುಗಾಡದೆ ಕೂರುವುದು ನಮ್ಮ ಕೆಲಸ. ಗೂಡಿದ್ದರೆ ತಿರುಗಿ ಬರುವುದು. ರಂಗನತಿಟ್ಟಿನಲ್ಲಿ ದೋಣಿಯವನೇ ಹದವಾದ ದೂರದಲ್ಲಿ ಕರೆದೊಯ್ಯುತ್ತಾನೆ, ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಊರೊಳಗಿನ ಮರಗಳ ಮೇಲೇ ಗೂಡು ಕಟ್ಟುತ್ತವೆ. ದೊಡ್ಡ ಹಕ್ಕಿಗಳು, ಜನರಿಗೆ ಒಗ್ಗಿದವು. ಅಲ್ಲಿ 250 ಎಂಎಂ ಧಾರಾಳವಾಗಿ ಸಾಕು. ಉಳಿದ ಕಡೆ ಹಕ್ಕಿ ಚಿಕ್ಕದಾಗಿ ಬಂದರೆ ಬರಲಿ ಬಿಡಿ. ಅದರ ಕೆರೆ, ಜೊಂಡು, ಮಂಜು ಎಲ್ಲ ಸೇರಿಸಿ ತೆಗೆಯಿರಿ. ಬರೀ ಕಣ್ಣು-ಕೊಕ್ಕು ತುಂಬಿದ ಚಿತ್ರದಲ್ಲಿ ಹಕ್ಕಿ ಎಲ್ಲಿತ್ತು ಅನ್ನುವುದೇ ಗೊತ್ತಾಗುವುದಿಲ್ಲ.

"ಅಂದ್ರೆ ದೊಡ್ಡ ಲೆನ್ಸ್ ತಗೋಬಾರ್ದಾ?" ಅಂದ ಗೆಳೆಯ. ತಗೋ ಮಾರಾಯ, ಒಂದು ವರ್ಷ ಸಣ್ಣದರಲ್ಲಿ ಕಳೆದು, ಆಮೇಲೂ ಬೇಕೆನಿಸಿದರೆ. ಆಗ ಅದನ್ನು ದೂರದಲ್ಲೇ ಉಳಿಯೋಕೆ ತಗೋ.

ನಾನಿನ್ನೂ 55-250ರಲ್ಲೇ ಇದ್ದೇನೆ. ಕಳೆದ ಏಪ್ರಿಲ್‌ನಲ್ಲಿ ಮತ್ತೆ ಹೆಸರಘಟ್ಟಕ್ಕೆ ಹೋಗಿದ್ದೆ. ಟಿಟ್ಟಿಭ ಕೂತೇ ಇತ್ತು, ನಾನು ನಿಂತೇ ಇದ್ದೆ. ಫೋಟೋದಲ್ಲಿ ಅದು ಹೆಬ್ಬೆರಳಿನ ಉಗುರಿನಷ್ಟಿದೆ. ಈ ಸಲ ಅದು ಕೂಗಲಿಲ್ಲ.

ನೀವೇನಂತೀರಿ?